ದೊಣೆ ತೋರಿಸಿದ್ದು ನಾನಲ್ಲ

ದೆವ್ವ, ಭೂತ, ಮಾಯೆ, ಮಾಟ ಇವುಗಳ ವಿಷಯದಲ್ಲಿ ನನ್ನದು ಮೊದಲಿನಿಂದಲೂ ಒಂದೇ ಮಾತು: ಕಂಡೆ ಎನ್ನುವವನಿಗೆ ನಿದ್ದೆ ಸಾಲದು, ಇಲ್ಲವೇ ಕೈತುಂಬ ಕೆಲಸವಿಲ್ಲ. ರಾಜಾಜಿನಗರದ ನಮ್ಮ ಗೆಳೆಯರ ಹರಟೆಯಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ ನಾನು ನಡುವೆ ಬಾಯಿ ಹಾಕಿ ಕೆಡಿಸುತ್ತಿದ್ದೆ. ನೀವೇ ಕಂಡಿರಾ, ಇಲ್ಲ ನಿಮ್ಮ ಭಾವನ ಸ್ನೇಹಿತರು ಕಂಡರಾ ಎಂದು ಕೇಳಿದರೆ ಸಾಕು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ನನ್ನ ಪಾಡು ಆ ಹರಟೆಯವರಿಗಿಂತ ಕಷ್ಟದ್ದು, ಏಕೆಂದರೆ ಕಂಡೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಉಳಿದವರೆಲ್ಲ ಕಂಡರು. ಕಾಣದೆ ಹೋದವನು ನಾನೊಬ್ಬನೇ.

ಓದುವವರು ನಂಬಲೇಬೇಕೆಂಬ ಹಟ ನನಗಿಲ್ಲ. ಆದರೆ ಇದನ್ನು ಕೇಳಿದವರೆಲ್ಲ ನಾನು ದೊಡ್ಡತನ ತೋರಿಸಿಕೊಳ್ಳಲು ಹೇಳುತ್ತಿದ್ದೇನೆ ಎಂದುಕೊಳ್ಳುತ್ತಾರಲ್ಲ, ಅದು ನನ್ನ ತಲೆ ಕೆಡಿಸುತ್ತದೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಆಗ ಒಂದು ಸರ್ಕಾರಿ ಕಛೇರಿಯಲ್ಲಿ ಗುಮಾಸ್ತ. ಬಸವೇಶ್ವರನಗರದಲ್ಲಿ ಒಂದು ಮನೆಯ ಹಿಂಭಾಗ ಬಾಡಿಗೆಗೆ ಹಿಡಿದಿದ್ದೆ. ಬಡಾವಣೆ ಇನ್ನೂ ಹೊಸದು. ಒಂದು ಸೈಟಿನಲ್ಲಿ ಮನೆ, ಪಕ್ಕದ ಸೈಟಿನಲ್ಲಿ ಆಳೆತ್ತರ ಕಳೆ, ಅದರಾಚೆ ಯಾರೋ ರಾಶಿ ಹಾಕಿದ ಜಲ್ಲಿ. ವಾರವೆಲ್ಲ ಕಡತ ತಿರುವಿದ ಮೇಲೆ ಭಾನುವಾರ ನನಗೆ ಇನ್ನೊಂದು ಉದ್ಯೋಗವಿತ್ತು. ರಾಜಾಜಿನಗರದಲ್ಲಿ ಕಾಫಿಪುಡಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರು ಪ್ರವಾಸದ ವ್ಯವಹಾರ ಶುರು ಮಾಡಿದ್ದರು. ದೊಡ್ಡ ಬಸ್ಸಿನಲ್ಲಿ ಜನರನ್ನು ತುಂಬಿಕೊಂಡು ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಒಂದು ವ್ಯಾನು, ಅದರಲ್ಲಿ ಹಿಡಿಯುವಷ್ಟೇ ಮಂದಿ, ಬೆಳಿಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆಗೆ. ಒಂದು ಭಾನುವಾರ ಬನ್ನೇರುಘಟ್ಟ, ಅದು ಆಗಷ್ಟೇ ರಾಷ್ಟ್ರೀಯ ಉದ್ಯಾನ ಎಂದು ಹೆಸರು ಮಾಡುತ್ತಿತ್ತು. ಇನ್ನೊಂದು ಭಾನುವಾರ ನಂದಿ. ಮತ್ತೊಂದು ಭಾನುವಾರ ಮಾಗಡಿಯಿಂದಾಚೆ ಕಾಡಿನ ನಡುವಿನ ಒಂದು ಬೆಟ್ಟ. ಜನರಿಗೆ ದಾರಿ ತೋರಿಸಿ, ವಿವರ ಹೇಳಿ, ಸುರಕ್ಷಿತವಾಗಿ ವಾಪಸ್ಸು ತರುವವನು ನಾನು.

ಗೈಡ್ ಎಂಬುದು ಕೇಳಲು ಚೆಂದ. ಕೆಲಸ ಮಾತ್ರ ಮೂರು ಹೊತ್ತೂ ಬೈಯುವುದು. ಬನ್ನೇರುಘಟ್ಟದಲ್ಲಿ ಮಲಗಿದ ಸಿಂಹವನ್ನು ಎಬ್ಬಿಸಲು ಬಂದ ಜನ ಚಪ್ಪಾಳೆ ತಟ್ಟುತ್ತಾರೆ. ಆನೆ ಕಾಣದಿದ್ದರೆ ನಾನೇ ಎಲ್ಲೋ ಬಚ್ಚಿಟ್ಟ ಹಾಗೆ ನನ್ನ ಮುಖ ನೋಡುತ್ತಾರೆ. ಕಿತ್ತಳೆ ಸಿಪ್ಪೆಯನ್ನು ಜಿಂಕೆಗೆ ಎಸೆಯುತ್ತಾರೆ, ಹೊರಡೋಣ ಎಂದಾಗ ಯಾರಾದರೊಬ್ಬರು ಮರೆಗೆ ಹೋಗಿರುತ್ತಾರೆ. ನನ್ನದು ಮೊದಲೇ ಮೂಗಿನ ತುದಿಯ ಕೋಪ. ಮಾಲೀಕರು ಎಷ್ಟೋ ಸಲ "ಸ್ವಲ್ಪ ನಗ್ರೀ, ಜನ ಖುಷಿಪಡೋಕೆ ಬಂದಿರ್ತಾರೆ" ಎಂದು ಹೇಳಿದ್ದರು. ನಗಲು ಪ್ರಯತ್ನ ಮಾಡಿದರೆ ಹಲ್ಲುನೋವೇ ಎಂದು ಕೇಳುತ್ತಿದ್ದರು. ಆದರೂ ಆ ಕೆಲಸ ಬಿಡಲಿಲ್ಲ, ಮಾಗಡಿಯ ಆಚೆಯ ಆ ಬೆಟ್ಟದ ಮೇಲೆ ನನಗೆ ಅಷ್ಟು ಪ್ರೀತಿ.

ಆ ಬೆಟ್ಟಕ್ಕೆ ಎರಡು ನೆತ್ತಿ. ಅವೆರಡರ ನಡುವಿನ ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತು ಒಂದು ಸಣ್ಣ ಕೆರೆಯೇ ಆಗಿದೆ. ಸುತ್ತಲಿನ ಹಳ್ಳಿಯವರು ದೊಣೆ ಎನ್ನುತ್ತಾರೆ. ಕಡು ಬೇಸಿಗೆಯಲ್ಲೂ ಬತ್ತುವುದಿಲ್ಲ. ದಡದಲ್ಲಿ ನಿಂತರೆ ನೀರಿನೊಳಗೆ ಎರಡೂ ನೆತ್ತಿಗಳು ತಲೆಕೆಳಗಾಗಿ ಕಾಣುತ್ತವೆ. ಬುಡದಿಂದ ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗುವ ದಾರಿಯ ಮಧ್ಯೆ ಒಂದು ಕಲ್ಲಿನ ಮಂಟಪ. ಮಂಟಪದಿಂದ ಸ್ವಲ್ಪ ಮುಂದೆ ಒಂದು ಚಾಚುಬಂಡೆ, ಅದರ ಅಡಿಯಲ್ಲಿ ಸಾಲಾಗಿ ಹೆಜ್ಜೇನಿನ ಗೂಡುಗಳು. ಆ ಬೆಟ್ಟದಲ್ಲಿ ಹುಲಿಯೂ ಇಲ್ಲ, ಚಿರತೆಯ ಕಾಟವೂ ಇಲ್ಲ. ಭಯವೆಂದರೆ ಆ ಹೆಜ್ಜೇನಿನದೇ. ಆದ್ದರಿಂದ ನಮ್ಮ ಪದ್ಧತಿ ಹೀಗೆ: ಕೆಳಗೇ ಎಲ್ಲರ ಬೆಂಕಿಪೊಟ್ಟಣ ಕೇಳಿ ತೆಗೆದುಕೊಳ್ಳುವುದು, ಅತ್ತರು ಹಚ್ಚಿಕೊಂಡವರನ್ನು ಹಿಂದಕ್ಕೆ ಹಾಕುವುದು, ಜನರನ್ನು ಮಂಟಪದಲ್ಲಿ ಕೂರಿಸಿ ಉಪ್ಪಿಟ್ಟು ಹಂಚಿ, ನಾನೊಬ್ಬನೇ ಮುಂದೆ ಹೋಗಿ ಹುಳು ಶಾಂತವಾಗಿವೆಯೇ, ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿಕೊಂಡು ದೊಣೆಯ ತನಕ ದಾರಿ ಪರೀಕ್ಷಿಸಿ ಬರುವುದು. ಆಮೇಲೆ ಎಲ್ಲರನ್ನೂ ಮಾತಿಲ್ಲದೆ ದಾಟಿಸುವುದು.

ನಮ್ಮ ಮನೆಯ ಒಡತಿ ಪಾರ್ವತಮ್ಮನವರಿಗೆ ಆ ದೊಣೆಯ ಹುಚ್ಚು. ಅವರ ತಂದೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದು, ಆ ಬೆಟ್ಟದ ಬುಡದಲ್ಲೇ ಮನೆಯಂತೆ. ತಂದೆಯ ಹೆಗಲ ಮೇಲೆ ಕುಳಿತು ದೊಣೆಗೆ ಹೋಗುತ್ತಿದ್ದರಂತೆ. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಬೆಂಗಳೂರಿಗೆ ಬಂದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ನಾನು ಪ್ರತಿ ಸಲ ಅಲ್ಲಿಂದ ಬಂದಾಗಲೂ ಹಿತ್ತಲಿನ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು ನೀರು ಎಲ್ಲಿಯವರೆಗಿದೆ, ದಡದ ಅತ್ತಿಮರ ಇದೆಯೇ ಎಂದು ವಿಚಾರಿಸುತ್ತಿದ್ದರು. ಕೊನೆಗೊಂದು ದಿನ, ಕಾಲು ಓಡಾಡುವಾಗಲೇ ಒಂದು ಸಲ ಆ ನೀರು ಮುಟ್ಟಿ ಬರಬೇಕು, ಕರೆದುಕೊಂಡು ಹೋಗಿ ಎಂದರು.

ಅವರಿಗೆ ಉಬ್ಬಸ. ಮಗ ನಾಗರಾಜ ಬ್ಯಾಂಕಿನಲ್ಲಿದ್ದ, ತಾಯಿಯ ವಿಷಯದಲ್ಲಿ ಬಹಳ ಹುಷಾರು. ಸುದ್ದಿ ಕಿವಿಗೆ ಬಿದ್ದ ತಕ್ಷಣ ನನ್ನ ಬಾಗಿಲಿಗೆ ಬಂದ.

"ಏನ್ ಸಾರ್ ನೀವು, ಅಮ್ಮಂಗೆ ಉಬ್ಬಸ ಅಂತ ಗೊತ್ತಿದ್ದೂ ಬೆಟ್ಟ ಹತ್ತಿಸ್ತೀನಿ ಅಂತೀರಲ್ಲ. ಅಲ್ಲೇನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಯಾರನ್ನ ಕೇಳ್ಲಿ?"

"ನನ್ನೇ ಕೇಳಿ. ಹತ್ತೋವಾಗ್ಲೂ ಇಳಿಯೋವಾಗ್ಲೂ ಅವರ ಕೈ ನಾನು ಬಿಡಲ್ಲ."

"ಮಾತು ಕೊಡ್ತಾ ಇದೀರ."

"ಕೊಡ್ತಾ ಇದೀನಿ ಕಣಪ್ಪಾ."

ಹೀಗೆ ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಹೊರಟೆವು. ಆ ದಿನ ಮೊದಲಿನಿಂದಲೂ ಒಂದೂ ನೆಟ್ಟಗೆ ನಡೆಯಲಿಲ್ಲ. ಮದರಾಸಿನ ಕಡೆ ಚಂಡಮಾರುತ ಎಂದು ರೇಡಿಯೋದಲ್ಲಿ ಹೇಳಿದ್ದರು, ಆಕಾಶ ಬೆಳಿಗ್ಗೆಯಿಂದಲೇ ಗಂಟುಮುಖ ಹಾಕಿತ್ತು. ವಿಜಯನಗರದಲ್ಲಿ ಹತ್ತಬೇಕಿದ್ದ ಕಾರ್ಖಾನೆಯ ನೌಕರ ಶ್ರೀಕಂಠಯ್ಯ, ಹೆಂಡತಿ ಸರೋಜಮ್ಮ ಮತ್ತು ಮಗಳ ಸಮೇತ ತಡವಾಗಿ ಬಂದರು. ಅವರ ಕೊರಳಲ್ಲಿ ಹೊಸ ಕ್ಯಾಮೆರಾ, ಅದಕ್ಕೆ ರೀಲು ತರಲು ಮರೆತಿದ್ದರು. ಅದನ್ನು ತರಿಸುವುದರಲ್ಲಿ ಮತ್ತಷ್ಟು ಹೊತ್ತು. ಹೊಸದಾಗಿ ಮದುವೆಯಾದ ಒಂದು ಜೋಡಿ ಹಿಂದಿನ ಸೀಟಿಗೆ ಜಗಳವಾಡಿತು. ಕೆಂಗೇರಿ ಕಡೆಯ ಇಬ್ಬರು ಮೇಷ್ಟರುಗಳು ನಾನು ಹೇಳಿದ ಪ್ರತಿಯೊಂದು ವಿವರವನ್ನೂ ತಿದ್ದಿದರು. ಮಾಗಡಿ ರಸ್ತೆಯಲ್ಲಿ ಟೈರು ಪಂಕ್ಚರ್. ಡ್ರೈವರ್ ಮುನಿಯಪ್ಪ ಸ್ಟೆಪ್ನಿ ಹಾಕುವಷ್ಟರಲ್ಲಿ ನನ್ನ ತಾಳ್ಮೆಯ ಕಾಲುಭಾಗವೂ ಉಳಿದಿರಲಿಲ್ಲ.

ಬೆಟ್ಟದ ಬುಡದಲ್ಲಿ ಮುನಿಯಪ್ಪ ವ್ಯಾನಿನಲ್ಲೇ ಉಳಿದ. ನಾನು ಎಲ್ಲರ ಬೆಂಕಿಪೊಟ್ಟಣ ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ. ಪಾರ್ವತಮ್ಮನವರ ಕೈ ಹಿಡಿದು, ನಿಂತು ನಿಂತು, ಮಂಟಪದ ತನಕ ಹತ್ತಿಸಿದೆ. ಅಲ್ಲಿಗೆ ಅವರ ಎದೆ ಸಿಳ್ಳೆ ಹಾಕತೊಡಗಿತ್ತು. ಸ್ವಲ್ಪ ಕೂತರೆ ಸರಿಹೋಗುತ್ತದೆ, ನೀವು ನಿಮ್ಮ ಕೆಲಸ ನೋಡಿ ಎಂದು ಅವರೇ ಹೇಳಿದರು. ಮಂಜು ಕವಿಯುತ್ತಿತ್ತು. ಇಂಥ ಹವೆಯಲ್ಲಿ ಹೆಜ್ಜೇನು ಸಿಡುಕಿನಲ್ಲಿರುತ್ತವೆ, ನೋಡದೆ ಕರೆದೊಯ್ಯುವ ಹಾಗೇ ಇಲ್ಲ. ಯಾರೂ ಜಾಗ ಬಿಟ್ಟು ಕದಲಬಾರದು ಎಂದು ಗದರಿಸಿ ಹೊರಟೆ. ನಾಗರಾಜನಿಗೆ ಕೊಟ್ಟ ಮಾತು ನೆನಪಿತ್ತು. ಬೇಗ ಹೋಗಿ ಬಂದರಾಯಿತು ಎಂದುಕೊಂಡೆ.

ಚಾಚುಬಂಡೆಯ ಕೆಳಗೆ ಎಲ್ಲ ಶಾಂತವಾಗಿತ್ತು. ಅಲ್ಲಿಂದ ಮುಂದೆ ಲಂಟಾನ ಪೊದೆಗಳ ನಡುವೆ ಒಂದು ಕಾಲುದಾರಿ, ಒಂದು ಏರು, ಏರು ಹತ್ತಿದರೆ ದೊಣೆ. ನಮ್ಮ ಬೀದಿಯ ಹಾಲಿನ ಬೂತಿಗೆ ಹೋಗಿ ಬಂದಷ್ಟು ಸಲ ಆ ದಾರಿಯಲ್ಲಿ ನಡೆದಿದ್ದೇನೆ. ಆ ದಿನ ಏರು ಹತ್ತಿದೆ, ದೊಣೆ ಇರಲಿಲ್ಲ. ಎದುರಿಗೆ ಅರಣ್ಯ ಇಲಾಖೆಯವರು ಕೆಂಪು ಬಣ್ಣದ ಗುರುತು ಹಾಕಿದ್ದ ಒಂದು ಗುಂಡುಕಲ್ಲು. ಮಂಜಿನಲ್ಲಿ ಅಡ್ಡದಾರಿ ಹಿಡಿದಿದ್ದೇನೆ ಎಂದು ಹಿಂದಿರುಗಿದೆ. ಇಳಿದೆ, ಹತ್ತಿದೆ, ಮತ್ತೆ ಅದೇ ಗುಂಡುಕಲ್ಲು. ಎಡಕ್ಕೆ ಹೋದರೂ ಅದೇ, ಬಲಕ್ಕೆ ಹೋದರೂ ಅದೇ. ಮೊದಲು ನಗು ಬಂತು, ಆಮೇಲೆ ಸಿಟ್ಟು. ಕಲ್ಲನ್ನು ಒದ್ದೆ, ಹೆಬ್ಬೆರಳು ಒಡೆಯಿತು. ಲಂಟಾನದ ಮುಳ್ಳು ಅಂಗಿ ಹರಿಯಿತು. ದೊಣೆ ಬೇಡ, ಮಂಟಪಕ್ಕಾದರೂ ಮರಳೋಣವೆಂದರೆ ಅದಕ್ಕೂ ದಾರಿ ಸಿಗಲಿಲ್ಲ. ಎಷ್ಟು ಹೊತ್ತು ಸುತ್ತಿದೆನೋ ಹೇಳಲಾರೆ. ದಾರಿ ತೋರಿಸುವ ಕೆಲಸದವನಿಗೇ ದಾರಿ ತಪ್ಪಿದರೆ ಆಗುವ ಅವಮಾನ ಯಾರಿಗೆ ಹೇಳಿಕೊಳ್ಳುವುದು? ಜನರ ಮೇಲೆ, ಮಂಜಿನ ಮೇಲೆ, ಮಾಲೀಕರ ಮೇಲೆ ಸಿಟ್ಟು ಮಾಡಿಕೊಂಡು ಮುಗಿದ ಮೇಲೆ ಅಲ್ಲೇ ಒಂದು ಕಡೆ ಕುಳಿತುಬಿಟ್ಟೆ. ಆಗ ಮಾತ್ರ ನಿಜವಾಗಿ ಹೆದರಿಕೆಯಾಯಿತು.

ಮಂಜು ತುಸು ಹರಿದಾಗ ಕೆಳಗೆ ಮಂಟಪದ ಮೂಲೆ ಕಂಡಿತು. ಬಿದ್ದೆನೋ ಎದ್ದೆನೋ ಎಂಬಂತೆ ಓಡಿದೆ. ಹೊತ್ತು ಇಳಿಮುಖವಾಗಿತ್ತು. ಮಂಟಪದಲ್ಲಿ ಒಬ್ಬರೂ ಇರಲಿಲ್ಲ. ಉಪ್ಪಿಟ್ಟು ತಿಂದ ಮುತ್ತುಗದ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ ಕಲ್ಲು ಹೇರಿಟ್ಟಿದ್ದರು. ಅಷ್ಟು ಅಚ್ಚುಕಟ್ಟು ನನ್ನ ಪ್ರವಾಸಿಗಳಲ್ಲಿ ನಾನು ಕಂಡದ್ದೇ ಇಲ್ಲ. ಚಾಚುಬಂಡೆಯ ಕಡೆಯಿಂದ ಒಂದೇ ಸಮನೆ ಗುಂಯ್‌ಗುಡುವ ಸದ್ದು ಬರುತ್ತಿತ್ತು. ದೂರದಿಂದಲೇ ನೋಡಿದೆ. ಒಂದಷ್ಟು ಹುಳುಗಳು ಇನ್ನೂ ಗೂಡು ಸೇರದೆ ಗಾಳಿಯಲ್ಲಿ ಸುತ್ತುತ್ತಿದ್ದವು. ಬಂಡೆಯ ಬುಡದಲ್ಲಿ ಕುಂಕುಮ ಹಚ್ಚಿದ ಒಂದು ಕಲ್ಲಿದೆ, ಅದರ ಮುಂದೆ ಅರ್ಧ ಉರಿದು ಆರಿದ ಊದುಬತ್ತಿಗಳು. ನಮ್ಮ ಜನಕ್ಕೆ ಕುಂಕುಮದ ಕಲ್ಲು ಕಂಡರೆ ಊದುಬತ್ತಿ ಹಚ್ಚದೆ ಕೈ ನಿಲ್ಲುವುದಿಲ್ಲ. ಯಾರೋ ನನಗೆ ಕಾಣದಂತೆ ಇನ್ನೊಂದು ಬೆಂಕಿಪೊಟ್ಟಣ ಇಟ್ಟುಕೊಂಡಿದ್ದರು.

ಹೆಜ್ಜೇನು ಎದ್ದಾಗ ಜನ ಓಡುತ್ತಾರೆ, ಓಡಿದವರನ್ನೇ ಅವು ಅಟ್ಟಿಸಿಕೊಂಡು ಹೋಗುತ್ತವೆ. ಉಬ್ಬಸದ ಹೆಂಗಸು ಎಷ್ಟು ದೂರ ಓಡಿಯಾರು? ಹುಡುಗಿಯೊಬ್ಬಳಿದ್ದಾಳೆ. ಒಬ್ಬೊಬ್ಬರ ಹೆಸರು ಹಿಡಿದು ಕೂಗಿದೆ. ಪೊದೆಗಳಲ್ಲಿ, ಬಂಡೆಗಳ ಸಂದಿಯಲ್ಲಿ, ಯಾರಾದರೂ ಬಿದ್ದಿದ್ದಾರೆಯೇ ಎಂದು ಹುಡುಕಿದೆ. ನನ್ನ ದನಿ ಒಡೆದು ಗೊಗ್ಗರಾಯಿತು. ನಾಗರಾಜನ ಮುಖ ಕಣ್ಣ ಮುಂದೆ ಬರುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತೆ. ದೇವರನ್ನು ನಂಬದವನು ಆ ಕುಂಕುಮದ ಕಲ್ಲಿಗೂ ಕೈಮುಗಿದೆ. ಕೊನೆಗೆ, ಕೆಳಗಿನ ಹಳ್ಳಿಯಿಂದ ಜನ ಕರೆತರಬೇಕೆಂದು, ಮೆಟ್ಟಿಲಿನ ದಾರಿಗೂ ಹೋಗದೆ ಲಂಟಾನದ ನಡುವೆ ನೇರವಾಗಿ ಜಾರಿಕೊಂಡು ಇಳಿದೆ.

ವ್ಯಾನಿನ ಹತ್ತಿರ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ವ್ಯಾನಿನೊಳಗಿನಿಂದ ನಗು ಕೇಳಿಸಿತು. ಎಲ್ಲರೂ ಇದ್ದರು. ಪಾರ್ವತಮ್ಮ ಮುಂದಿನ ಸೀಟಿನಲ್ಲಿ ಶಾಲು ಹೊದ್ದು ನೆಟ್ಟಗೆ ಕುಳಿತಿದ್ದರು, ಉಸಿರಾಟ ಮಗುವಿನದರಂತೆ ನಿರಾಳವಾಗಿತ್ತು. ಒಬ್ಬರ ಮೈಮೇಲೂ ಒಂದು ಕಡಿತವಿಲ್ಲ.

ನಾನು ಬಾಗಿಲು ಹಿಡಿದು ನಿಂತೆ. ಮೊದಲು ಬಾಯಿಬಿಟ್ಟವನು ಮುನಿಯಪ್ಪ.

"ಏನ್ ಸಾರ್, ಈಗ ತಾನೇ ಮೆಟ್ಟಿಲ ಕಡೆಯಿಂದ ಹತ್ಕೊಂಡು ಹೋದ್ರಿ, ಅಷ್ಟರಲ್ಲಿ ಈ ಕಡೆಯಿಂದ ಉದುರಿದ್ರಿ? ಅಂಗಿ ಯಾಕ್ ಸಾರ್ ಹಿಂಗೆ ಹರ್ಕೊಂಡ್ರಿ?"

ನಾನು ಅವನಿಗೆ ಏನೋ ಗದರಿದೆ. ಶ್ರೀಕಂಠಯ್ಯ ತಲೆ ಹೊರಗೆ ಹಾಕಿ, "ಸಿಕ್ಕಿದ್ರಾ ಸಾರ್ ಅವರು?" ಎಂದು ಕೇಳಿದರು.

"ಯಾರು?"

"ನೀವೇ ಹೇಳಿದ್ರಲ್ಲ ಸಾರ್. ನಮ್ಮನ್ನೆಲ್ಲ ಇಲ್ಲಿ ಕೂರಿಸಿ, ಇನ್ನೊಬ್ಬರು ಮೇಲೇ ಉಳ್ಕೊಂಡಿದಾರೆ, ತುಂಬ ಹೆದರಿದಾರೆ, ಕರ್ಕೊಂಡು ಬರ್ತೀನಿ ಅಂತ ಹೋದ್ರಲ್ಲ. ನಾವೆಲ್ಲ ಇಲ್ಲೇ ಇದೀವಲ್ಲ, ಇನ್ಯಾರಪ್ಪ ಅಂತ ಮಾತಾಡ್ಕೊತಾ ಇದ್ವಿ."

ಆ ಸಂಜೆ ದಾರಿಯುದ್ದಕ್ಕೂ ನಾನು ಕೇಳಿ ಕೇಳಿ ತಿಳಿದದ್ದು ಇಷ್ಟು. ನಾನು ಮುಂದೆ ಹೋದವನು ಸ್ವಲ್ಪ ಹೊತ್ತಿಗೇ ಮರಳಿ ಬಂದೆನಂತೆ. ಅಷ್ಟರಲ್ಲಿ ಸರೋಜಮ್ಮ ಊದುಬತ್ತಿ ಹಚ್ಚಿಯಾಗಿತ್ತು, ಹುಳುಗಳು ಏಳತೊಡಗಿದ್ದವು. ನಾನು ಒಂದು ಮಾತೂ ಬೈಯದೆ ಊದುಬತ್ತಿಯನ್ನು ಮಣ್ಣಿಗೆ ಒತ್ತಿ ಆರಿಸಿ, ಎಲ್ಲರನ್ನೂ ಮಂಟಪದೊಳಗೆ ಒತ್ತಾಗಿ ಕೂರಿಸಿ, ಕೂರಲು ಹಾಸಿದ್ದ ಜಮಖಾನವನ್ನೇ ಹೊದಿಸಿ, ಅಲುಗಾಡಬೇಡಿ ಎಂದೆನಂತೆ. ಅಳುತ್ತಿದ್ದ ಹುಡುಗಿಗೆ ಮೆಲ್ಲಗೆ ಏನೋ ಕಥೆ ಹೇಳಿದೆನಂತೆ. ಹೆಚ್ಚಿನ ಹುಳುಗಳು ಗೂಡಿಗೆ ಮರಳಿದ ಮೇಲೆ ಪಾರ್ವತಮ್ಮನವರ ಕೈ ಹಿಡಿದುಕೊಂಡು ಎಲ್ಲರನ್ನೂ ದೊಣೆಗೆ ಕರೆದೊಯ್ದೆನಂತೆ. ಅಲ್ಲಿ ಮಂಜೇ ಇರಲಿಲ್ಲವಂತೆ. ಅತ್ತಿಮರದ ಕೆಳಗೆ ಅವರನ್ನು ಕೂರಿಸಿ ಪಾದವನ್ನು ನೀರಿಗೆ ಇಳಿಬಿಡಿಸಿದೆನಂತೆ. ಮೇಷ್ಟರುಗಳು ಕೂಡ ನನ್ನ ವಿವರಣೆಯಲ್ಲಿ ತಪ್ಪು ಹುಡುಕಲಿಲ್ಲವಂತೆ. "ಇವತ್ತು ಎಷ್ಟು ಸಮಾಧಾನವಾಗಿದ್ರಿ ಸಾರ್" ಎಂದು ಸರೋಜಮ್ಮ ಕಣ್ಣೊರೆಸಿಕೊಂಡರು.

ನಾನು ಅಲ್ಲ, ನಾನು ಬಂದೇ ಇಲ್ಲ, ನಾನು ದಾರಿ ತಪ್ಪಿ ಮೇಲೆ ಸುತ್ತುತ್ತಿದ್ದೆ ಎಂದು ಎಷ್ಟು ಹೇಳಿದರೂ ನಕ್ಕರು. ಮೊದಲು ತಮಾಷೆ ಎಂದುಕೊಂಡರು, ಆಮೇಲೆ ಸಂಕೋಚ ಎಂದುಕೊಂಡರು. ಹರಿದ ಅಂಗಿ, ಒಡೆದ ಹೆಬ್ಬೆರಳು ತೋರಿಸಿದೆ. ಪಾಪ, ಯಾರನ್ನೋ ಹುಡುಕಲು ಹೋಗಿ ಎಷ್ಟು ಕಷ್ಟಪಟ್ಟರು ಎಂದರು. ಮಾತಾಡಿದಷ್ಟೂ ನನ್ನ ಬೆಲೆ ಏರುತ್ತಿತ್ತು.

ಮನೆಯ ಬಾಗಿಲಲ್ಲಿ ನಾಗರಾಜ ಕಾಯುತ್ತ ನಿಂತಿದ್ದ. ತಾಯಿ ಇಳಿದವರೇ "ಒಂದು ಗಳಿಗೇನೂ ನನ್ನ ಕೈ ಬಿಡಲಿಲ್ಲ ಕಣೋ ಇವರು" ಎಂದರು. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಕೊಟ್ಟ ಮಾತು ಉಳಿಸಿಕೊಂಡವನೆಂದು ಅವನು ಹೊಗಳುತ್ತಿದ್ದರೆ ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ನಾನು ಮಾಡದ ಕೆಲಸಕ್ಕೆ ಬೈಸಿಕೊಂಡದ್ದು ಕಛೇರಿಯಲ್ಲಿ ಬೇಕಾದಷ್ಟಿದೆ, ಅದು ರೂಢಿಯಾಗಿದೆ. ಮಾಡದ ಕೆಲಸಕ್ಕೆ ಹೊಗಳಿಸಿಕೊಳ್ಳುವುದು ಮಾತ್ರ ಸಹಿಸಲಾಗದು, ಅದಕ್ಕೆ ಮೇಲ್ಮನವಿ ಕೊಡಲು ಜಾಗವಿಲ್ಲ.

ಶ್ರೀಕಂಠಯ್ಯನವರ ಕ್ಯಾಮೆರಾದಲ್ಲಾದರೂ ಸಾಕ್ಷಿ ಸಿಗಬಹುದೆಂದು ರೀಲು ತೊಳೆಸುವ ತನಕ ಕಾದೆ. ಫೋಟೋ ಬಂತು. ದೊಣೆಯ ದಡದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದಾರೆ, ಮಧ್ಯೆ ಪಾರ್ವತಮ್ಮ ಕುಳಿತಿದ್ದಾರೆ, ಹಿಂದೆ ಎರಡೂ ನೆತ್ತಿಗಳು ಬಿಸಿಲಿನಲ್ಲಿ ಸ್ಪಷ್ಟವಾಗಿವೆ. ನಾನು ಮಾತ್ರ ಇಲ್ಲ. ನೋಡಿ, ನಾನಿಲ್ಲ ಎಂದು ಕುಣಿದಾಡಿದೆ.

"ನೀವು ಹೆಂಗೆ ಇರ್ತೀರಾ ಸಾರ್?" ಎಂದರು ಶ್ರೀಕಂಠಯ್ಯ. "ಫೋಟೋ ತೆಗೆದವರು ನೀವಲ್ವಾ!"

ಆ ಫೋಟೋದ ಒಂದು ಪ್ರತಿ ನನ್ನಲ್ಲಿದೆ. ನಾನು ಫೋಟೋ ತೆಗೆದರೆ ತಲೆ ಕತ್ತರಿಸಿ ಹೋಗುತ್ತದೆ, ಇಲ್ಲವೇ ಓರೆಯಾಗುತ್ತದೆ. ಇದರಲ್ಲಿ ಎಲ್ಲರ ತಲೆಯೂ ಇದೆ, ಎಲ್ಲರೂ ನಗುತ್ತಿದ್ದಾರೆ. ಕ್ಯಾಮೆರಾ ಹಿಡಿದವನನ್ನು ಎಲ್ಲರೂ ಬಹಳ ಇಷ್ಟಪಟ್ಟು ನೋಡುತ್ತಿದ್ದಾರೆ. ನನ್ನನ್ನು ಯಾರೂ ಹಾಗೆ ನೋಡಿದ್ದು ನನಗೆ ನೆನಪಿಲ್ಲ.

ಇದಕ್ಕೆ ನಾನು ಯೋಚಿಸದ ಕಾರಣವಿಲ್ಲ. ನನ್ನ ಹಾಗೇ ಇರುವ ಹಳ್ಳಿಯವನೊಬ್ಬ ಬಂದಿರಬಹುದು ಎಂದುಕೊಂಡೆ. ಆದರೆ ನನ್ನದೇ ಅಂಗಿ, ನನ್ನದೇ ದಪ್ಪ ಕನ್ನಡಕ, ಪಾರ್ವತಮ್ಮನವರನ್ನು ನಾನು ಕರೆಯುವ ಹಾಗೇ ಅಮ್ಮಾವ್ರೇ ಎಂದು ಕರೆದನಂತೆ. ಸುತ್ತಲ ಹಳ್ಳಿಗಳಲ್ಲಿ ವಿಚಾರಿಸಿದೆ, ಅಂಥವನಿಲ್ಲ. ಇದೆಲ್ಲ ನಾನೇ ಮಾಡಿ ಮರೆತಿರಬಹುದೇ ಎಂದು ಒಬ್ಬ ಡಾಕ್ಟರನ್ನೂ ಕೇಳಿದೆ. ಅವರು ನಾಡಿ ಹಿಡಿದು, ರಕ್ತದೊತ್ತಡ ಜಾಸ್ತಿಯಿದೆ, ಸಿಟ್ಟು ಕಡಿಮೆ ಮಾಡಿ ಎಂದರು. ಮರೆತಿದ್ದೇನೆ ಎಂದೇ ಇಟ್ಟುಕೊಳ್ಳೋಣ. ನಾನು ಮೆಟ್ಟಿಲ ಕಡೆ ಹತ್ತಿ ಹೋದದ್ದನ್ನು ಮುನಿಯಪ್ಪ ನೋಡಿದ ಗಳಿಗೆಯಲ್ಲೇ ನಾನು ಇನ್ನೊಂದು ಕಡೆಯಿಂದ ಇಳಿಯುತ್ತಿದ್ದೆನಲ್ಲ, ಅದನ್ನು ಯಾವ ಮರೆವಿಗೆ ಸೇರಿಸಲಿ?

ಅದೇ ಮಂದಿ ಮುಂದಿನ ಬೇಸಿಗೆಯಲ್ಲಿ ಮತ್ತೆ ಬಂದರು. ಅವತ್ತಿನ ಹಾಗೇ ಇರಬೇಕು ಸಾರ್ ಎಂದರು. ನಾನೂ ಮನಸ್ಸಿನಲ್ಲಿ ಶಪಥ ಮಾಡಿ ಹೊರಟೆ. ಮಾಗಡಿ ದಾಟುವಷ್ಟರಲ್ಲಿ ಮೇಷ್ಟರುಗಳ ಮೇಲೆ ರೇಗಿದ್ದೆ, ಮಂಟಪ ತಲುಪುವಷ್ಟರಲ್ಲಿ ಹುಡುಗಿಯನ್ನು ಅಳಿಸಿದ್ದೆ. ದಾರಿ ತಪ್ಪಲಿಲ್ಲ, ದೊಣೆ ಇದ್ದಲ್ಲೇ ಇತ್ತು. ಎಲ್ಲ ಸರಿಯಾಗಿಯೇ ನಡೆಯಿತು. ವಾಪಸ್ಸು ಇಳಿಯುವಾಗ ಸರೋಜಮ್ಮ ಮೃದುವಾಗಿ, "ಅವತ್ತು ನಿಮ್ಮ ಮನಸ್ಸು ಚೆನ್ನಾಗಿತ್ತು ಸಾರ್" ಎಂದರು. ಅವರಿಗೆ ಬೇಕಾಗಿದ್ದವನು ನಾನಲ್ಲ ಎಂದು ನನಗೆ ಗೊತ್ತಾಯಿತು. ಗಂಡಸು ಬೇರೊಬ್ಬನ ಮೇಲೆ ಹೊಟ್ಟೆಕಿಚ್ಚುಪಡುವುದನ್ನು ಕಂಡಿದ್ದೇನೆ. ನನ್ನದೇ ಮುಖದ ಮೇಲೆ ಹೊಟ್ಟೆಕಿಚ್ಚುಪಡುವ ಗತಿ ನನಗೆ ಬಂತು. ಆ ವರ್ಷವೇ ಗೈಡ್ ಕೆಲಸ ಬಿಟ್ಟೆ.

ಕೆಲವು ದಿನಗಳಾದ ಮೇಲೆ ನನಗೆ ಬೇರೆ ಊರಿಗೆ ವರ್ಗವಾಯಿತು. ಸಾಮಾನು ಕಟ್ಟಿ, ಹೇಳಿಹೋಗಲು ಪಾರ್ವತಮ್ಮನವರ ಬಳಿ ಹೋದೆ. ಅವರು ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಕಾಫಿ ಕೊಟ್ಟರು. ಊರು, ನೀರು, ಮನೆ ಎಲ್ಲ ವಿಚಾರಿಸಿದರು. ಆಮೇಲೆ ತಲೆ ಎತ್ತದೆಯೇ ಕೇಳಿದರು.

"ಅವತ್ತು ಒಬ್ಬರು ಮೇಲೆ ಉಳ್ಕೊಂಡಿದಾರೆ ಅಂದ್ರಲ್ಲ, ಅವರು ಬಂದ್ರಾ?"

ಯಾವ ವಾದವನ್ನೂ ಹೂಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಬಂದ್ರು ಅಮ್ಮಾವ್ರೇ. ಬೇರೆ ದಾರಿಯಿಂದ ಅವರೇ ಇಳ್ಕೊಂಡು ಬಂದ್ರು" ಎಂದೆ.

"ಒಳ್ಳೇದಾಯ್ತು" ಎಂದರು. ಮೊರದಲ್ಲಿ ಒಂದು ಕಲ್ಲು ಸಿಕ್ಕಿತು, ಆರಿಸಿ ಪಕ್ಕಕ್ಕಿಟ್ಟರು. "ಮತ್ತೆ, ಅವರನ್ನ ಹುಡುಕ್ಕೊಂಡು ಮೇಲೆ ಹೋದ್ರಲ್ಲ, ಪಾಪ, ಆ ಪುಣ್ಯಾತ್ಮರಿಗೆ ಯಾರಾದ್ರೂ ಹೇಳಿದ್ರಾ?"

ನಾನು ಅವರ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಅವರಿಗೆ ಏನು ಗೊತ್ತಿತ್ತು, ಎಂದಿನಿಂದ ಗೊತ್ತಿತ್ತು ಎಂದು ಕೇಳುವಷ್ಟರಲ್ಲಿ ನಾಗರಾಜ ಆಟೋ ಬಂತು ಎಂದು ಕೂಗಿದ. ಕೇಳಲಾಗಲಿಲ್ಲ.

ಹೊಸ ಊರಿನಲ್ಲಿ ನನಗೆ ನೆಮ್ಮದಿಯಿರಲಿಲ್ಲ. ಒಂದು ಭಾನುವಾರ ರೈಲು ಹತ್ತಿ, ಬಸ್ಸು ಹಿಡಿದು, ಒಬ್ಬನೇ ಆ ಬೆಟ್ಟಕ್ಕೆ ಹೋದೆ. ಮಂಟಪದ ಮುಂದೆ ನಿಂತು, ಈ ವಯಸ್ಸಿನಲ್ಲಿ ಇದೇನು ಹುಚ್ಚಾಟ ಎಂದು ನನ್ನನ್ನೇ ಬೈದುಕೊಳ್ಳುತ್ತ, ಗಟ್ಟಿಯಾಗಿ ಕೂಗಿದೆ: "ನಾನು ಅವತ್ತೇ ಇಳಿದು ಬಂದೆ ಕಣಯ್ಯಾ. ಇನ್ನು ಹುಡುಕಬೇಡ." ಎರಡು ನೆತ್ತಿಗಳ ಕಡೆಗೂ ತಿರುಗಿ ಕೂಗಿದೆ. ಮತ್ತೆ ಏನು ಹೇಳಬೇಕೋ ತೋಚದೆ, ಎಲ್ಲರೂ ಕ್ಷೇಮ ಎಂದೂ ಸೇರಿಸಿದೆ. ಉತ್ತರ ಬರಲಿಲ್ಲ. ಬರುತ್ತದೆಂದು ನಾನು ತಿಳಿದಿದ್ದೆನೋ ಇಲ್ಲವೋ ಅದೂ ಗೊತ್ತಿಲ್ಲ.

ಅವನು ಯಾರು, ಎಲ್ಲಿಂದ ಬಂದ, ನನಗೆ ಇವತ್ತಿಗೂ ತಿಳಿಯದು. ಅವನು ಹತ್ತಿ ಹೋದದ್ದನ್ನು ಎಲ್ಲರೂ ನೋಡಿದ್ದಾರೆ. ಇಳಿದು ಬಂದದ್ದನ್ನು ಮಾತ್ರ ಇಂದಿನ ತನಕ ಯಾರೂ ನೋಡಿಲ್ಲ.